ಹಡಗು ಕಟ್ಟುವವರ ಸಭೆಯಲ್ಲಿ ಕನ್ನಡಕ್ಕೂ ಒಂದು ಕುರ್ಚಿ ಹಾಕಿ!

(ಶ್ರೀರಾಂಪುರದಲ್ಲಿ ಕನ್ನಡ ಯುವಕರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)

ಕನ್ನಡದ ಗೆಳೆಯರೇ,

ಇವತ್ತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ಒಳಗೊಳಗೇ ನಕ್ಕಿರಬಹುದು. ಶ್ರೀರಾಂಪುರಕ್ಕೂ ಹಡಗಿಗೂ ಎಲ್ಲಿಂದೆಲ್ಲಿಯ ಸಂಬಂಧ? ನಮ್ಮ ಕಡೆ ದೊಡ್ಡ ನೀರು ಅಂದರೆ ಜೋರು ಮಳೆಗೆ ರಸ್ತೆಯಲ್ಲಿ ನಿಲ್ಲುವ ನೀರು. ದೋಣಿ ಅಂದರೆ ನಮ್ಮ ಅಪ್ಪಂದಿರು ಹಲಸೂರು ಕೆರೆಯಲ್ಲಿ ದುಡ್ಡು ಕೊಟ್ಟು ಹತ್ತುತ್ತಿದ್ದ ದೋಣಿ. ಅಷ್ಟೇ.

ಆದರೆ ಒಂದು ಮಾತು ಕೇಳುತ್ತೇನೆ. ನವೆಂಬರ್ ಬಂತು ಅಂದರೆ ಕರ್ನಾಟಕದ ಭೂಪಟವನ್ನು ಬ್ಯಾನರಿಗೆ ಹಾಕುತ್ತೀರಿ, ಟೀ ಷರ್ಟಿಗೆ ಹಾಕುತ್ತೀರಿ, ಆಟೋ ಹಿಂದೆ ಬರೆಸುತ್ತೀರಿ. ಆ ಭೂಪಟದ ಎಡಗಡೆ ಅಂಚು ಯಾವುದು? ಕಡಲು! ಕಾರವಾರದಿಂದ ಮಂಗಳೂರಿನ ತನಕ ೩೦೦ ಕಿಲೋಮೀಟರಿನಷ್ಟು ಕಡಲ ತೀರ ನಮ್ಮದು. ೧೯೫೬ರಲ್ಲಿ ಕಾಸರಗೋಡು ನಮ್ಮ ಕೈತಪ್ಪದೆ ಇದ್ದಿದ್ದರೆ ಇನ್ನೂ ಉದ್ದ ಇರುತ್ತಿತ್ತು. ಗಡಿ ಅಂದ ತಕ್ಷಣ ಬೆಳಗಾವಿ ಅನ್ನುತ್ತೇವೆ, ಹೊಸೂರು ಅನ್ನುತ್ತೇವೆ. ಕಡಲೂ ಒಂದು ಗಡಿ ಅನ್ನುವುದನ್ನು ಬೆಂಗಳೂರಿನ ಕನ್ನಡಿಗ ಮರೆತೇಬಿಟ್ಟಿದ್ದಾನೆ. ಆ ಗಡಿಯಲ್ಲಿ ಕನ್ನಡದ ಗತಿ ಏನು ಅಂತ ಹೇಳುವುದಕ್ಕೇ ಇವತ್ತು ನಾನು ನಿಂತಿರುವುದು.

ಗೋಡಂಬಿ ವ್ಯಾಪಾರಿಗೆ ಇದ್ದ ಬುದ್ಧಿ

ನಾನು ಪ್ರೆಸ್ಸಿನವನು. ಓದಿದ್ದು ಪಿಯುಸಿ. ಹಡಗಿನ ವಿದ್ಯೆ ನಾನು ಕಲಿತವನಲ್ಲ. ಆದರೆ ಅಚ್ಚಿನವನಿಗೆ ಒಂದು ಅನುಕೂಲ ಉಂಟು: ಯಾರ್ಯಾರದೋ ವಿದ್ಯೆ ಅವನ ಟೇಬಲ್ ಮೇಲೆ ಹಾದುಹೋಗುತ್ತದೆ. ಹಾಗೆ ಒಮ್ಮೆ ಕರಾವಳಿಯಲ್ಲಿ ನಡೆಯುವ ಎಂಜಿನಿಯರುಗಳ ವಲಯ ಸಭೆಯೊಂದರ ಸ್ಮರಣ ಸಂಚಿಕೆ ನಮ್ಮಲ್ಲಿಗೆ ಬಂತು. ಯಾರ ಸಭೆ, ಯಾವ ವರ್ಷ ಅನ್ನುವುದು ಬೇಡ. ವಿಷಯ ಮಾತ್ರ ಹೇಳುತ್ತೇನೆ: ನೇವಲ್ ಆರ್ಕಿಟೆಕ್ಚರ್ ಮತ್ತು ಮರೈನ್ ಎಂಜಿನಿಯರಿಂಗ್.

ಹೆಸರು ಕೇಳಿ ಹೆದರಬೇಡಿ. ನೇವಲ್ ಆರ್ಕಿಟೆಕ್ಚರ್ ಅಂದರೆ ಹಡಗಿನ ಆಕಾರ, ಗಾತ್ರ, ಬಲ, ಅದು ಹೇಗೆ ತೇಲಬೇಕು, ಎಷ್ಟು ಹೊರಬೇಕು ಅನ್ನುವ ಲೆಕ್ಕ. ಮನೆಗೆ ಪ್ಲಾನ್ ಇದ್ದ ಹಾಗೆ ಹಡಗಿಗೆ ಪ್ಲಾನ್. ಮರೈನ್ ಎಂಜಿನಿಯರಿಂಗ್ ಅಂದರೆ ಆ ಹಡಗಿನ ಹೊಟ್ಟೆಯೊಳಗಿನ ಎಂಜಿನ್ನು, ಪಂಪು, ಕರೆಂಟು, ಚುಕ್ಕಾಣಿ ತಿರುಗಿಸುವ ಯಂತ್ರ. ಒಬ್ಬ ಹಡಗಿನ ಮೈ ಕಟ್ಟುತ್ತಾನೆ, ಇನ್ನೊಬ್ಬ ಅದಕ್ಕೆ ಜೀವ ತುಂಬುತ್ತಾನೆ.

ಸಂಚಿಕೆ ಪೂರಾ ಪ್ರೂಫ್ ನೋಡಿದೆ. ಸ್ವಾಗತ ಇಂಗ್ಲಿಷ್, ವಂದನೆ ಇಂಗ್ಲಿಷ್, ಊಟದ ಪಟ್ಟಿಯೂ ಇಂಗ್ಲಿಷ್. ಕನ್ನಡ ಇದ್ದದ್ದು ಒಂದೇ ಕಡೆ, ಕೊನೇ ಪುಟದ ಜಾಹೀರಾತಿನಲ್ಲಿ. ಅದು ಅಲ್ಲಿನ ಒಬ್ಬ ಗೋಡಂಬಿ ವ್ಯಾಪಾರಿಯದು. ಸಭೆ ಯಾರ ಊರಲ್ಲಿ ನಡೆಯುತ್ತಿದೆ ಅನ್ನುವುದು ಗೋಡಂಬಿ ಮಾರುವವನಿಗೆ ಗೊತ್ತಿತ್ತು. ಹಡಗು ಕಟ್ಟುವವರಿಗೆ ಗೊತ್ತಿರಲಿಲ್ಲ!

ಇದು ಆ ಒಂದು ಸಭೆಯ ಕಥೆ ಮಾತ್ರ ಅಲ್ಲ. ೨೦೧೫ರ ಮಾರ್ಚ್ ತಿಂಗಳಲ್ಲಿ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲ, ಕರಾವಳಿ ಮತ್ತು ಸಾಗರ ಎಂಜಿನಿಯರಿಂಗ್ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಒಳ್ಳೆಯ ಕೆಲಸ, ನಮಗೂ ಹೆಮ್ಮೆ. ಅದರ ಪ್ರಬಂಧಗಳು ಅಂತರರಾಷ್ಟ್ರೀಯ ಸಂಪುಟವಾಗಿ ಇಂಗ್ಲಿಷಿನಲ್ಲಿ ಬಂದವು. ಬರಲಿ, ಜಗತ್ತು ಓದಲಿ. ಆದರೆ ಅಲೆ ಬಂದು ಮನೆಯ ಗೋಡೆ ಬಡಿಯುತ್ತಿರುವುದು ಉಳ್ಳಾಲದವನಿಗೆ. ತಡೆಗೋಡೆ ಹೇಗಿರಬೇಕು, ಕಲ್ಲು ಹಾಕಿದರೂ ಮರಳು ಯಾಕೆ ಜಾರುತ್ತದೆ ಅನ್ನುವುದನ್ನು ಅವನಿಗೆ ಯಾವ ಭಾಷೆಯಲ್ಲಿ ಹೇಳುತ್ತೀರಿ? ಎಂಜಿನಿಯರುಗಳ ದೇಶಮಟ್ಟದ ಸಂಸ್ಥೆ, ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್‌ನ ಕರ್ನಾಟಕ ಕೇಂದ್ರ ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲೇ ಇದೆ. ಶ್ರೀರಾಂಪುರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿದರೆ ವಿಧಾನಸೌಧದ ಬಳಿ ಇಳಿಯಬಹುದು. ಆ ಸಂಸ್ಥೆಯಲ್ಲಿ ಮರೈನ್ ಎಂಜಿನಿಯರಿಂಗಿಗೆ ಅಂತಲೇ ಒಂದು ವಿಭಾಗ ಇದೆ. ಅಂದರೆ ಕಡಲು ದೂರ ಇರಬಹುದು, ಕಡಲಿನ ಮಾತಾಡುವವರು ನಮ್ಮ ಪಕ್ಕದಲ್ಲೇ ಇದ್ದಾರೆ.

'ಕೂತ್ಕೊಳ್ರಪ್ಪಾ!'

ಈಗ ಕೇಳುತ್ತೀರಿ: ಅದೆಲ್ಲ ದೊಡ್ಡ ವಿಜ್ಞಾನ ಸಾರ್, ಕನ್ನಡದಲ್ಲಿ ಹೇಳಕ್ಕಾಗುತ್ತಾ?

ಹರಿಗೋಲು ಹತ್ತಿದ್ದೀರಾ? ಹಂಪಿಯಲ್ಲೋ ತಲಕಾಡಿನಲ್ಲೋ ಹತ್ತಿರುತ್ತೀರಿ. ಹತ್ತಿದ ತಕ್ಷಣ ಅಂಬಿಗ ಏನು ಹೇಳುತ್ತಾನೆ? 'ಕೂತ್ಕೊಳ್ರಪ್ಪಾ!' ಒಂದೇ ಮಾತು. ಎಂಜಿನಿಯರುಗಳು ಹಾಳೆಗಟ್ಟಲೆ ಬರೆಯುವ ಲೆಕ್ಕದ ತಿರುಳು ಆ ಮಾತಿನಲ್ಲಿದೆ. ನಿಂತರೆ ಭಾರ ಮೇಲಕ್ಕೆ ಹೋಗುತ್ತದೆ. ಭಾರ ಮೇಲೆ ಹೋದರೆ ದೋಣಿ ವಾಲಿದಾಗ ಮತ್ತೆ ನೆಟ್ಟಗೆ ಬರುವ ಶಕ್ತಿ ಕಳೆದುಕೊಳ್ಳುತ್ತದೆ. ತಂಜಾವೂರು ಬೊಂಬೆ ತಳ್ಳಿದರೂ ಯಾಕೆ ಎದ್ದು ನಿಲ್ಲುತ್ತದೆ? ಭಾರ ಬುಡದಲ್ಲಿದೆ. ಅದರ ತಲೆಗೆ ಸೀಸ ತುಂಬಿ ನೋಡಿ, ಬಿದ್ದದ್ದು ಏಳುವುದಿಲ್ಲ.

ದೋಣಿ ಒಂದು ಕಡೆ ವಾಲಿದಾಗ ಆ ಕಡೆ ಮುಳುಗಿದ ಭಾಗ ಹೆಚ್ಚಾಗುತ್ತದೆ. ನೀರು ಅಲ್ಲಿ ಹೆಚ್ಚು ಮೇಲಕ್ಕೆ ನೂಕುತ್ತದೆ. ಆ ನೂಕು ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸಬೇಕಾದರೆ ಭಾರದ ಕೇಂದ್ರ ಒಂದು ಮಿತಿಗಿಂತ ಕೆಳಗೆ ಇರಬೇಕು. ಆ ಮಿತಿಯ ಬಿಂದುವಿಗೆ ಮೆಟಾಸೆಂಟರ್ ಅನ್ನುತ್ತಾರೆ. ನೋಡಿ, ಮುಗಿಯಿತು. ನಿಮಗೆ ಅರ್ಥವಾಯಿತು ತಾನೇ? ಇನ್ನು ಕನ್ನಡದಲ್ಲಿ ಆಗುವುದಿಲ್ಲ ಅನ್ನುವವರನ್ನು ನನ್ನ ಹತ್ತಿರ ಕಳಿಸಿ.

ಮೀನಿನ ಬೋಟಿಗೂ ಇದೇ ಲೆಕ್ಕ. ಮೀನು ತುಂಬಿದ ಬಲೆಯನ್ನು ನೀರಿನಿಂದ ಎತ್ತಿ ಕಂಬಕ್ಕೆ ತೂಗು ಹಾಕಿದಾಗ, ಬಲೆ ಎಷ್ಟೇ ಕೆಳಗೆ ಜೋತು ಬಿದ್ದಿರಲಿ, ಅದರ ಭಾರ ಕಂಬದ ತುದಿಯಲ್ಲೇ ಕೂತ ಹಾಗೆ ಕೆಲಸ ಮಾಡುತ್ತದೆ. ಬೋಟಿನೊಳಗೆ ನೀರು ನಿಂತರೆ ಅದು ಇನ್ನೂ ಅಪಾಯ. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ ನಡೆದು ನೋಡಿ: ಸ್ವಲ್ಪ ವಾಲಿಸಿದರೆ ನೀರೆಲ್ಲ ಆ ಕಡೆಗೇ ಓಡಿ ತಟ್ಟೆಯನ್ನು ಇನ್ನಷ್ಟು ವಾಲಿಸುತ್ತದೆ. ಬೋಟಿನಲ್ಲೂ ಹಾಗೇ. ಆ ಸಂಚಿಕೆಯ ಪ್ರೂಫಿನಲ್ಲಿ ನಾನು ಓದಿದ್ದು ಇದನ್ನೇ. ಮಲ್ಪೆಯ ತಾಂಡೇಲನಿಗೆ, ಅಂದರೆ ಬೋಟಿನ ಯಜಮಾನನಿಗೆ, ತಲುಪಬೇಕಾದ ವಿಷಯ ಅದು. ತಲುಪಿದ್ದು ನಮ್ಮ ಪ್ರೆಸ್ಸಿನ ಕಟಿಂಗ್ ಮೆಷಿನ್ನಿಗೆ!

ಇದು ಬರೀ ಭಾಷಾಭಿಮಾನದ ಮಾತಲ್ಲ, ಜೀವದ ಮಾತು. ೨೦೧೯ರ ಜನವರಿ ೨೧ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿದ್ದ ಜನ ವಾಪಸು ಬರುವಾಗ ದೋಣಿ ಮಗುಚಿತು. ೧೬ ಜನ ಸತ್ತರು. ದೋಣಿಯಲ್ಲಿ ಜನ ಕಿಕ್ಕಿರಿದಿದ್ದರು. ಹತ್ತಿದವರಲ್ಲಿ ಘಟ್ಟದ ಮೇಲಿನವರೂ ಇದ್ದರು. ಕಡಲು ನೋಡದೆ ಬೆಳೆದವನಿಗೆ ದೋಣಿಯ ಮಿತಿ ಹೇಗೆ ಗೊತ್ತಾಗಬೇಕು? 'ಇಷ್ಟೇ ಜನ ಹತ್ತಬೇಕು, ಜಾಕೆಟ್ ಹೀಗೆ ಕಟ್ಟಬೇಕು, ಎಲ್ಲರೂ ಒಂದೇ ಕಡೆ ಸರಿಯಬಾರದು' ಅಂತ ಅವನ ಭಾಷೆಯಲ್ಲಿ, ಅವನ ಕಣ್ಣಿಗೆ ಬೀಳುವ ಹಾಗೆ ಬರೆದಿರಬೇಕು. ಬಸ್ಸಿನಲ್ಲಿ 'ಕೈ ಹೊರಗೆ ಹಾಕಬೇಡಿ' ಅಂತ ಕನ್ನಡದಲ್ಲಿ ಬರೆಯುವ ನಾಡು, ದೋಣಿಗೆ ಬರೆಯುವುದಕ್ಕೆ ಯಾಕೆ ಮೀನಮೇಷ ಎಣಿಸಬೇಕು?

ಕಡಲಿನ ಕಾನೂನೇ ಹೇಳುತ್ತದೆ

ಭಾಷೆ ಗೊತ್ತಿಲ್ಲದೆ ಜನ ಸತ್ತದ್ದು ದೊಡ್ಡ ದೇಶಗಳಲ್ಲೂ ಉಂಟು. ೧೯೯೦ರ ಏಪ್ರಿಲ್ ೭ರಂದು ನಾರ್ವೆಯ ಓಸ್ಲೋದಿಂದ ಡೆನ್ಮಾರ್ಕಿಗೆ ಹೊರಟಿದ್ದ ಸ್ಕ್ಯಾಂಡಿನೇವಿಯನ್ ಸ್ಟಾರ್ ಅನ್ನುವ ಹಡಗಿಗೆ ಬೆಂಕಿ ಬಿತ್ತು. ೧೫೯ ಜನ ಸತ್ತರು. ಸಿಬ್ಬಂದಿಯಲ್ಲಿ ಎಷ್ಟೋ ಜನ ಪೋರ್ಚುಗೀಸರು, ಹಡಗಿಗೆ ಹೊಸಬರು. ಪ್ರಯಾಣಿಕರು ನಾರ್ವೆ, ಡೆನ್ಮಾರ್ಕಿನವರು. ಹೊಗೆ ತುಂಬಿದ ಕತ್ತಲಲ್ಲಿ ಇವರ ಮಾತು ಅವರಿಗೆ ತಿಳಿಯದೆ, ಅವರ ಮಾತು ಇವರಿಗೆ ತಿಳಿಯದೆ ಹೋಯಿತು.

ಕಡಲಿನಲ್ಲಿ ಜೀವರಕ್ಷಣೆಗೆ ಸೋಲಾಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಇದೆ. ೧೯೧೨ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ೧೯೧೪ರಲ್ಲಿ ಅದು ಮೊದಲ ಸಲ ರೂಪುಗೊಂಡಿತು. ಅದರ ಇವತ್ತಿನ ರೂಪದಲ್ಲಿ ಐದನೇ ಅಧ್ಯಾಯದ ೧೪ನೇ ನಿಯಮ ಏನು ಹೇಳುತ್ತದೆ? ಹಡಗಿನಲ್ಲಿ ಕೆಲಸದ ಭಾಷೆ ಯಾವುದು ಅಂತ ಗೊತ್ತುಮಾಡಿ ದಿನಚರಿ ಪುಸ್ತಕದಲ್ಲಿ ಬರೆದಿಡಬೇಕು. ಸಿಬ್ಬಂದಿಯ ಪ್ರತಿಯೊಬ್ಬನಿಗೂ ಆ ಭಾಷೆ ಅರ್ಥವಾಗಬೇಕು. ಗೋಡೆಗೆ ಹಾಕುವ ನಕ್ಷೆ, ಪಟ್ಟಿಗಳು ಆ ಭಾಷೆಯಲ್ಲೂ ಇರಬೇಕು. ಕೇಳಿದಿರಾ? ನಾವು ಬೀದಿಯಲ್ಲಿ ನಿಂತು ಕೂಗುವುದನ್ನೇ ಕಡಲಿನ ಕಾನೂನು ತಣ್ಣಗೆ ಬರೆದಿಟ್ಟಿದೆ!

ಹಡಗು ಹಡಗಿಗೆ ಮಾತಾಡುವಾಗ ಇಂಗ್ಲಿಷ್ ಬೇಕು. ಅದಕ್ಕೆ ಅಂತಲೇ ೨೦೦೧ರಲ್ಲಿ ಗೊತ್ತಾದ ವಾಕ್ಯಗಳ ಪಟ್ಟಿಯನ್ನು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಒಪ್ಪಿಕೊಂಡಿದೆ. ನಮ್ಮ ಹುಡುಗರು ಅದನ್ನು ಚೆನ್ನಾಗಿ ಕಲಿಯಲಿ. ನಮ್ಮ ಜಗಳ ಇಂಗ್ಲಿಷಿನ ಜೊತೆ ಅಲ್ಲ. ಇಂಗ್ಲಿಷೊಂದೇ ಸಾಕು ಅನ್ನುವ ಸೋಮಾರಿತನದ ಜೊತೆ.

ವಿದ್ಯೆ ಯಾರಪ್ಪನ ಮನೆ ಸ್ವತ್ತೂ ಅಲ್ಲ

ಆಗಲೇ ಹೇಳಿದೆನಲ್ಲ, ಮೆಟಾಸೆಂಟರ್ ಅಂತ. ಆ ಮಾತನ್ನು ಕೊಟ್ಟವನು ಪಿಯರ್ ಬೂಗೇರ್, ೧೭೪೬ರಲ್ಲಿ, ಫ್ರೆಂಚ್ ಭಾಷೆಯಲ್ಲಿ. ಸ್ವೀಡನ್ನಿನ ಚಾಪ್ಮನ್ ೧೭೭೫ರಲ್ಲಿ ಹಡಗು ಕಟ್ಟುವ ಶಾಸ್ತ್ರವನ್ನು ಬರೆದದ್ದು ಸ್ವೀಡಿಷ್ ಭಾಷೆಯಲ್ಲಿ. ಜಪಾನಿನವರು ೧೮೯೭ರಲ್ಲೇ ತಮ್ಮ ಹಡಗು ಎಂಜಿನಿಯರುಗಳ ಸಂಘ ಕಟ್ಟಿದರು. ಇವತ್ತು ಜಗತ್ತಿನಲ್ಲಿ ಕಟ್ಟುವ ಹಡಗುಗಳ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಚೀನಾ, ದಕ್ಷಿಣ ಕೊರಿಯಾ, ಜಪಾನ್ ಮೂರೇ ದೇಶಗಳದು. ಅಲ್ಲಿನ ಹುಡುಗ ತನ್ನ ತಾಯ್ನುಡಿಯಲ್ಲಿ ಕಲಿತು ಹಡಗು ಕಟ್ಟುತ್ತಾನೆ. ಇಷ್ಟೆಲ್ಲ ಇಂಗ್ಲಿಷ್ ಓದಿಯೂ ಭಾರತದ ಪಾಲು ನೂರಕ್ಕೆ ಒಂದೂ ಇಲ್ಲ. ಇನ್ನೇನು ಬೇಕು ಸಾಕ್ಷಿ?

ನಮಗೇನು ಕಡಲು ಹೊಸದೇ? ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಪುರಿಯ ಮೇಲೆ ನೂರಾರು ಹಡಗುಗಳಲ್ಲಿ ದಾಳಿ ಮಾಡಿದ ವಿಚಾರ ೬೩೪ರ ಐಹೊಳೆ ಶಾಸನದಲ್ಲಿದೆ. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದು ಭಾರತದ ಕಡಲ ತೀರದಲ್ಲಿ ನಡೆಯುವ ಕಥೆ. ಅದರಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡವೇ ಅಂತ ಕೆಲವು ವಿದ್ವಾಂಸರು ವಾದಿಸಿದರು. ಮಂಜೇಶ್ವರದ ಗೋವಿಂದ ಪೈ ಅದರ ಬಗ್ಗೆ ಬರೆದರು. ಎಲ್ಲರೂ ಒಪ್ಪಿಲ್ಲ, ಚರ್ಚೆ ಇದೆ. ಉಳ್ಳಾಲದ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿದಳು. ೨೦೧೨ರಲ್ಲಿ ಕರಾವಳಿ ರಕ್ಷಣಾ ಪಡೆ ಒಂದು ಹಡಗಿಗೆ ರಾಣಿ ಅಬ್ಬಕ್ಕ ಅಂತ ಹೆಸರಿಟ್ಟಿತು. ಆ ಹಡಗು ಕಟ್ಟಿದ್ದು ವಿಶಾಖಪಟ್ಟಣದಲ್ಲಿ. ಹೆಸರು ನಮ್ಮದು, ಕೆಲಸ ಅವರದು!

ಮಾತುಗಳಿಗೂ ಬರ ಇಲ್ಲ. ಹಾಯಿ, ಹುಟ್ಟು, ಲಂಗರು, ಚುಕ್ಕಾಣಿ, ಅಳಿವೆ, ಉಬ್ಬರ, ಇಳಿತ, ಖಲಾಸಿ, ಮಚ್ವೆ, ಮಂಜಿ, ಪತ್ತೆಮಾರಿ. ದಿನಾ ಪೇಪರಿನವರು 'ರಾಜ್ಯದ ಚುಕ್ಕಾಣಿ ಹಿಡಿದ' ಅಂತ ಬರೆಯುತ್ತಾರೆ. ಚುಕ್ಕಾಣಿ ನೋಡಿದವರು ಎಷ್ಟು ಜನ? ಈ ಮಾತುಗಳಲ್ಲಿ ಕೆಲವು ಹೊರಗಿನಿಂದ ಬಂದವು, ಕೆಲವು ತುಳು, ಕೊಂಕಣಿ, ಬ್ಯಾರಿ ಬಾಯಲ್ಲಿ ಬೆಳೆದವು. ಬರಲಿ ಬಿಡಿ. ಬಂದರಿಗೆ ಬಂದ ಸರಕನ್ನು ಯಾವ ಊರಿನದು ಅಂತ ವಾಪಸು ಕಳಿಸುತ್ತೇವೆಯೇ? ಇಲ್ಲದ ಮಾತಿಗೆ ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯೋಣ.

೧೯೧೮ರಲ್ಲೇ ಇದೇ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ 'ವಿಜ್ಞಾನ' ಅನ್ನುವ ಮಾಸಪತ್ರಿಕೆ ತಂದರು. ಕೋಟದ ಶಿವರಾಮ ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದರು. ಆಗ ಕಂಪ್ಯೂಟರ್ ಇಲ್ಲ, ಒಂದೊಂದು ಅಚ್ಚುಮೊಳೆ ಕೈಯಲ್ಲಿ ಜೋಡಿಸಬೇಕು. ಒತ್ತಕ್ಷರ ಕೂರಿಸುವಷ್ಟರಲ್ಲಿ ಕಂಪೋಸಿಟರಿನ ಕಣ್ಣು ಬತ್ತಿಹೋಗುತ್ತಿತ್ತು. ಆಗ ಆದದ್ದು ಈಗ ಆಗುವುದಿಲ್ಲವೇ?

ಕೆಲಸ ಬರುತ್ತಿದೆ, ಕನ್ನಡಿಗ ಎಲ್ಲಿ?

ಈಗ ಹೊಟ್ಟೆಯ ಮಾತಿಗೆ ಬರೋಣ. ಮಲ್ಪೆಯಲ್ಲಿದ್ದ ಟೆಬ್ಮಾ ಶಿಪ್‌ಯಾರ್ಡನ್ನು ಕೊಚ್ಚಿನ್ ಶಿಪ್‌ಯಾರ್ಡ್ ೨೦೨೦ರಲ್ಲಿ ಕೊಂಡಿತು. ೨೦೨೨ರಲ್ಲಿ ಅದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಆಯಿತು. ಟಗ್ ಅಂದರೆ ದೊಡ್ಡ ಹಡಗನ್ನು ಎಳೆಯುವ ಪುಟ್ಟ ಗಟ್ಟಿ ಹಡಗು. ಅದನ್ನು ಅಲ್ಲಿ ಕಟ್ಟುತ್ತಾರೆ. ೨೦೨೩ರಲ್ಲಿ ನಾರ್ವೆಯ ವಿಲ್ಸನ್ ಕಂಪನಿ ಆರು ಸರಕು ಹಡಗುಗಳಿಗೆ ಆರ್ಡರ್ ಕೊಟ್ಟಿತು. ಉಡುಪಿಯಲ್ಲಿ ಕಟ್ಟಿದ ಹಡಗು ಯುರೋಪಿಗೆ! ಕಾರವಾರದಲ್ಲಿ ೧೯೮೬ರಲ್ಲಿ ಅಡಿಗಲ್ಲು ಬಿದ್ದ ನೌಕಾನೆಲೆ ೨೦೦೫ರಲ್ಲಿ ಐಎನ್‌ಎಸ್ ಕದಂಬ ಆಯಿತು. ಕನ್ನಡದ ಮೊದಲ ರಾಜಮನೆತನದ ಹೆಸರು. ಆ ನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲ ದಡ ಬಿಟ್ಟುಕೊಟ್ಟವು. ೨೦೨೫ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಹಡಗು ಕಟ್ಟುವ ಉದ್ಯಮಕ್ಕೆ ೬೯,೭೨೫ ಕೋಟಿ ರೂಪಾಯಿಯ ಯೋಜನೆ ಒಪ್ಪಿತು.

ದುಡ್ಡು ಹರಿಯುತ್ತದೆ. ವೆಲ್ಡರ್ ಬೇಕು, ಫಿಟ್ಟರ್ ಬೇಕು, ಪೈಪ್ ಜೋಡಿಸುವವನು, ಎಲೆಕ್ಟ್ರಿಷಿಯನ್, ಪೇಂಟರ್, ಡ್ರಾಯಿಂಗ್ ಬಿಡಿಸುವವನು ಬೇಕು. ಹಡಗು ಅಂದರೆ ತೇಲುವ ಒಂದು ಪೀಣ್ಯ ಅಂತ ತಿಳಿಯಿರಿ. ಐಟಿಐ, ಡಿಪ್ಲೊಮಾ ಮಾಡಿದ ನಮ್ಮ ಹುಡುಗನಿಗೆ ಈ ಬಾಗಿಲು ಗೊತ್ತೇ ಇಲ್ಲ. ಯಾಕೆ? ಯಾರೂ ಅವನ ಭಾಷೆಯಲ್ಲಿ ಹೇಳಲಿಲ್ಲ. ೨೦೦೮ರಲ್ಲಿ ಹುಟ್ಟಿದ ಭಾರತೀಯ ಕಡಲ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳು ಚೆನ್ನೈ, ಕೊಚ್ಚಿ, ಕೋಲ್ಕತ್ತ, ಮುಂಬೈ, ನವಿ ಮುಂಬೈ, ವಿಶಾಖಪಟ್ಟಣದಲ್ಲಿವೆ. ಕರ್ನಾಟಕದಲ್ಲಿ ಒಂದೂ ಇಲ್ಲ. ನಮ್ಮ ಎಂಪಿಗಳು ದೆಹಲಿಯಲ್ಲಿ ಯಾವ ಕಡಲು ಈಜುತ್ತಿದ್ದರೋ! ಸ್ಥಳೀಯರಿಗೆ ಕೆಲಸ ಕೊಡಿ ಅಂತ ಸರೋಜಿನಿ ಮಹಿಷಿ ಸಮಿತಿ ೧೯೮೬ರಲ್ಲೇ ವರದಿ ಕೊಟ್ಟಿತು. ೨೦೨೧ರಲ್ಲಿ ಎಐಸಿಟಿಇ ಎಂಜಿನಿಯರಿಂಗನ್ನು ಕನ್ನಡದಲ್ಲೂ ಕಲಿಸಬಹುದು ಅಂತ ಒಪ್ಪಿಗೆ ಕೊಟ್ಟಿತು. ಬಾಗಿಲು ತೆರೆದಿದೆ. ಒಳಗೆ ಪುಸ್ತಕ ಬೇಡವೇ?

ನಮ್ಮ ಬೇಡಿಕೆ, ನಮ್ಮ ಕೆಲಸ

ಒಂದು: ಕರ್ನಾಟಕದ ನೆಲದಲ್ಲಿ ನಡೆಯುವ ಯಾವುದೇ ಎಂಜಿನಿಯರಿಂಗ್ ಸಭೆಯಲ್ಲಿ ಒಂದು ಗೋಷ್ಠಿ ಪೂರ್ತಿ ಕನ್ನಡದಲ್ಲಿರಲಿ. ಅಲ್ಲಿ ತಾಂಡೇಲ, ಬೋಟು ಕಟ್ಟುವ ಮೇಸ್ತ್ರಿ, ವೆಲ್ಡರ್ ಕೂರಲಿ. ಬರೀ ಕೇಳುವುದಕ್ಕಲ್ಲ, ಮಾತಾಡುವುದಕ್ಕೆ.

ಎರಡು: ಪ್ರತಿ ಪ್ರಬಂಧಕ್ಕೆ ಒಂದು ಪುಟ ಕನ್ನಡ ಸಾರಾಂಶ ಅಚ್ಚಾಗಲಿ. ಒಂದೇ ಪುಟ ಸ್ವಾಮಿ, ಆಸ್ತಿ ಕೇಳುತ್ತಿಲ್ಲ.

ಮೂರು: ಪ್ರತಿ ಪ್ರಯಾಣಿಕರ ದೋಣಿ, ಲಾಂಚು, ಹರಿಗೋಲು ಕಟ್ಟೆಯಲ್ಲಿ ಎಷ್ಟು ಜನ, ಜಾಕೆಟ್ ಹೇಗೆ, ಆಪತ್ತಿನಲ್ಲಿ ಏನು ಅನ್ನುವುದು ದೊಡ್ಡ ಕನ್ನಡ ಅಕ್ಷರದಲ್ಲಿರಲಿ. ೧೮೭೬ರಲ್ಲಿ ಪ್ಲಿಮ್ಸಾಲ್ ಅನ್ನುವ ಒಬ್ಬ ಎಂಪಿ ಹೋರಾಡಿ ಇಂಗ್ಲೆಂಡಿನ ಹಡಗುಗಳ ಮೈಮೇಲೆ 'ಇದಕ್ಕಿಂತ ಹೆಚ್ಚು ತುಂಬಬೇಡ' ಅನ್ನುವ ಗೆರೆ ಹಾಕಿಸಿದ. ಗೆರೆಗೆ ಭಾಷೆ ಬೇಕಿಲ್ಲ. ಗೆರೆ ಯಾಕಿದೆ ಅಂತ ತಿಳಿಸುವುದಕ್ಕೆ ಬೇಕು.

ನಾಲ್ಕು: ಕರಾವಳಿಯ ಹಡಗುಕಟ್ಟೆ, ಬಂದರುಗಳಲ್ಲಿ ಸುರಕ್ಷತೆಯ ತರಬೇತಿ ಕನ್ನಡದಲ್ಲೂ ನಡೆಯಲಿ. ಕೆಲಸದಲ್ಲಿ ನೆಲ ಕಳೆದುಕೊಂಡವರ ಮಕ್ಕಳಿಗೆ ಮೊದಲ ಮಣೆ ಇರಲಿ.

ಐದನೆಯದು ಸರ್ಕಾರಕ್ಕಲ್ಲ, ನಿಮಗೆ. ಕಾಲೇಜು ರಜೆಯಲ್ಲಿ ಗೋವಾ ಬೀಚಿಗೆ ಹೋಗುವವರು ಒಂದು ಸಲ ಮಲ್ಪೆ, ಹಂಗಾರಕಟ್ಟೆ, ಕಾರವಾರ, ಹಳೇ ಮಂಗಳೂರು ಬಂದರಿಗೆ ಹೋಗಿ. ದೋಣಿಯ ಒಂದೊಂದು ಭಾಗಕ್ಕೂ ಅಲ್ಲಿನವರು ಏನು ಹೇಳುತ್ತಾರೆ ಅಂತ ಬರೆದುಕೊಂಡು ಬನ್ನಿ. ತುಳುವಿನಲ್ಲಿ ಏನು, ಕೊಂಕಣಿಯಲ್ಲಿ ಏನು, ಅದನ್ನೂ ಬರೆಯಿರಿ. ಎಂಜಿನಿಯರಿಂಗ್ ಓದುವವರು ಪಕ್ಕದಲ್ಲಿ ಅದರ ಕೆಲಸ ಏನು ಅಂತ ಎರಡು ಸಾಲು ಬರೆಯಿರಿ. ಐನೂರು ಮಾತು ಕೂಡಿಸಿ ತನ್ನಿ. ಪುಸ್ತಕ ಮಾಡುವ ಹೊಣೆ ನನ್ನದು. ಕಾಗದದ ದುಡ್ಡು ನೀವು ಹಾಕಿ. ಕಂಪೋಸು, ಅಚ್ಚು, ಬೈಂಡಿಂಗು ನಾನು ಹಾಕುತ್ತೇನೆ. ಮುಂದಿನ ಸಭೆ ಎಲ್ಲಿ ನಡೆದರೂ ಅದರ ಬಾಗಿಲಲ್ಲಿ ನಿಂತು ಬರುವ ಎಂಜಿನಿಯರುಗಳ ಕೈಗೆ ಒಂದೊಂದು ಪ್ರತಿ ಕೊಡೋಣ. ಕಲ್ಲು ಹಿಡಿದು ಅಲ್ಲ, ಪುಸ್ತಕ ಹಿಡಿದು. ಕಲ್ಲಿಗೆ ಪೊಲೀಸರ ಹತ್ತಿರ ಉತ್ತರ ಇದೆ. ಪುಸ್ತಕಕ್ಕೆ ಅವರು ಉತ್ತರ ಹುಡುಕಬೇಕಾಗುತ್ತದೆ.

ನಮ್ಮ ಬೀದಿಯಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನ ಗೆಳೆಯರಿದ್ದಾರೆ. ಅವರೂ ಈ ಕೆಲಸಕ್ಕೆ ಕೈ ಹಾಕಲಿ. ದೋಣಿ ಮಗುಚಿದರೆ ಮನೆಮಾತು ಕೇಳಿ ಮುಳುಗಿಸುವುದಿಲ್ಲ.

ಹನ್ನೆರಡನೇ ಶತಮಾನದಲ್ಲಿ ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಲೇ ಕನ್ನಡದಲ್ಲಿ ವಚನ ಹೇಳಿದ. ಹುಟ್ಟು ಹಾಕುವ ಕೈಗೂ ಕನ್ನಡಕ್ಕೂ ನಂಟು ಅಷ್ಟು ಹಳೆಯದು. ಆ ನಂಟನ್ನು ಎಂಜಿನಿಯರುಗಳ ಸಭೆಯ ತನಕ ಎಳೆದು ತರುವುದು ನಿಮ್ಮ ಪಾಲಿನ ಕೆಲಸ. ಹೆಸರು ಕೊಡುವವರು ಈಗಲೇ ಕೊಡಿ, ನೋಟ್‌ಬುಕ್ ನನ್ನ ಹತ್ತಿರ ಇದೆ.

ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!